ಐದನೇ ಸ್ಟೇಷನ್ನಿನ ಬಾಟಲಿ

ಹೊಳೆನರಸೀಪುರ
2 ಅಕ್ಟೋಬರ್ 2024

ಚಿ. ಸೌಜನ್ಯಳಿಗೆ ಚಲುವನಾರಾಯಣನ ಆಶೀರ್ವಾದಗಳು.

ನೀನು ಬಂದು ಹೋಗಿ ಎರಡು ವಾರವಾಯಿತು. ಫೋನು ಎತ್ತುವುದಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಕೇದಾರನ ಸುದ್ದಿ ಬಂದದ್ದು ಅದರಲ್ಲೇ ನೋಡು, ಅಂದಿನಿಂದ ಗೋದಮ್ಮ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟಿದ್ದಾಳೆ. ನಾನೂ ತೆಗೆಯಲು ಹೋಗಿಲ್ಲ. ಹಾಸನದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಹೇಳಿದವನಿಗೆ ಕಾಗದ ಬರೆಯುವುದೇನೂ ಕಷ್ಟವಲ್ಲ. ನಿನ್ನ ಕೋಳಿಕಾಲಿನ ಅಕ್ಷರವೂ ಈ ನೆಪದಲ್ಲಿ ಸ್ವಲ್ಪ ಸುಧಾರಿಸಲಿ.

ಇವತ್ತು ಮಹಾಲಯ ಅಮಾವಾಸ್ಯೆ. ದೇಹ ಸಿಗದವರಿಗೆ ದರ್ಭೆಯಲ್ಲಿ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮವಿದೆ, ಒಂದು ದಿನ ನೋಡಿ ಮುಗಿಸೋಣ ಎಂದು ಪುರೋಹಿತರು ಹೇಳಿದರು. ಗೋದಮ್ಮ ಅಡುಗೆಮನೆಯಿಂದಲೇ ಹೇಳಿದಳು: "ದರ್ಭೆ ಸುಡೋದಾದ್ರೆ ಆಮೇಲೆ ಸುಡಿ. ಮೊದಲನೇ ಎಳ್ಳುನೀರು ನನ್ನ ಮಗ ಮುಳುಗಿದ ಜಾಗದಲ್ಲೇ ಬೀಳ್ಬೇಕು. ಬೇರೆ ನೀರಿಗೆ ಬಿಟ್ರೆ ಅವನಿಗೆ ಮುಟ್ಟುತ್ತೆ ಅಂತ ನಂಗೆ ನಂಬಿಕೆ ಇಲ್ಲ." ಸಮುದ್ರವನ್ನೇ ನೋಡದವಳು, ಘಾಟಿ ಇಳಿಯುವಾಗ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವಳು, ದೋಣಿ ಹತ್ತುತ್ತೇನೆಂದು ಹಟ ಹಿಡಿದಿದ್ದಾಳೆ. ಪುರೋಹಿತರು ಒಪ್ಪಿದ್ದಾರೆ. ಆ ಜಾಗ ತೋರಿಸುವವಳು ನೀನೇ. ದಡದಿಂದ ಹನ್ನೆರಡು ಕಿಲೋಮೀಟರ್, ನೀವು ನೀರಿಗೆ ಬಲೆ ಇಳಿಸುವ ಐದನೇ ಸ್ಟೇಷನ್ನಿನ ಹತ್ತಿರ ಎಂದಿದ್ದೆಯಲ್ಲ, ಅಲ್ಲಿಗೆ.

ಇನ್ನೊಂದು ಕೇಳಿಕೆ. ಮಗುಚಿದ ದೋಣಿಯಲ್ಲಿ ಕಟ್ಟಿದ್ದ ಪೆಟ್ಟಿಗೆಯನ್ನು ಪೊಲೀಸರು ನಿಮಗೆ ವಾಪಸು ಕೊಟ್ಟರಂತೆ. ಅದರಲ್ಲಿ ಅವನು ತುಂಬಿದ ಕೊನೆಯ ಬಾಟಲಿ ಇದೆಯೆಂದು ನೀನೇ ಹೇಳಿದೆ. ಅದನ್ನು ನನಗೆ ಕಳಿಸು. ನನ್ನ ಹಳೆಯ ಮೈಕ್ರೋಸ್ಕೋಪ್ ಇನ್ನೂ ಕೆಲಸ ಮಾಡುತ್ತದೆ. ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು, ಆ ನೀರಿನೊಳಗಿನ ಜೀವಿಗಳನ್ನು ಎಣಿಸಿ ನಾನು ಮುಗಿಸುತ್ತೇನೆ. ಮಗನಿಗೆ ಮಾಡಬಹುದಾದದ್ದು ನನಗೆ ಬೇರೇನೂ ತೋಚುತ್ತಿಲ್ಲ.

ಚಲುವನಾರಾಯಣ


ಕುಂದಾಪುರ
19 ಅಕ್ಟೋಬರ್ 2024

ಪೂಜ್ಯ ಮೇಷ್ಟ್ರಿಗೆ ಸೌಜನ್ಯಳ ನಮಸ್ಕಾರಗಳು.

ಉತ್ತರ ತಡವಾಯಿತು. ಕೆಲಸವಿತ್ತು ಎಂದು ಬರೆದರೆ ನೀವು ನಂಬುವುದಿಲ್ಲ. ಪೆನ್ನು ಹಿಡಿದರೆ ಆ ದಿನವೇ ಕಣ್ಣಿಗೆ ಬರುತ್ತದೆ.

ಗೋದಮ್ಮನವರು ಕೇಳಿದರೆ ಹೇಳಲೆಂದು ಮತ್ತೊಮ್ಮೆ ಎಲ್ಲವನ್ನೂ ಬರೆಯುತ್ತೇನೆ. ಪ್ರತಿ ತಿಂಗಳೂ ಹೊಳೆ ಸಮುದ್ರಕ್ಕೆ ಬೀಳುವ ಅಳಿವೆಯ ಬಾಯಿಂದ ಶುರುಮಾಡಿ ಪಶ್ಚಿಮಕ್ಕೆ ಐದು ಸ್ಟೇಷನ್ನುಗಳಲ್ಲಿ ಬಲೆ ಇಳಿಸಿ, ನೀರಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳನ್ನು ಹಿಡಿಯುವುದು ನಮ್ಮ ಕೆಲಸ. ಹೊಳೆ ಸೇರುವಲ್ಲಿ ಯಾವುವು ಬದುಕುತ್ತವೆ, ಉಪ್ಪು ಹೆಚ್ಚಾದಂತೆ ಯಾವುವು ಬರುತ್ತವೆ, ನೀರಿನ ಬಿಸಿ, ಬೆಳಕು, ಹೊಳೆ ತರುವ ಮಣ್ಣು ಇವೆಲ್ಲ ಅವುಗಳ ವಾಸವನ್ನು ಹೇಗೆ ಬದಲಿಸುತ್ತವೆ ಎಂದು ಹನ್ನೆರಡು ತಿಂಗಳು ಬಿಡದೆ ನೋಡಬೇಕಿತ್ತು. ಆಗಸ್ಟ್ ಕೊನೆಯ ತಿಂಗಳು. ಹತ್ತೊಂಬತ್ತರಂದು ಕೇದಾರ, ದೋಣಿಯ ನಾಗೇಶ್ ಜೊತೆ ನಾಲ್ಕು ಸ್ಟೇಷನ್ ಮುಗಿಸಿದ. ಇಪ್ಪತ್ತರಂದು ಅಲೆ ಜೋರಾಗಿತ್ತು, ನಾಗೇಶ್ ಬರುವುದಿಲ್ಲ ಎಂದರು. ನಾನು ಸಭೆಗೆಂದು ಉಡುಪಿಗೆ ಹೋಗಿದ್ದೆ. ಅವನು ಚಿಕ್ಕ ದೋಣಿ ತೆಗೆದುಕೊಂಡು ಒಬ್ಬನೇ ಹೋದ. ನಾನು ಊರಿನಲ್ಲಿ ಇದ್ದಿದ್ದರೆ ಬಿಡುತ್ತಿರಲಿಲ್ಲ. ಸಂಜೆಯಾದರೂ ಅವನು ಮರಳಲಿಲ್ಲ. ಕರಾವಳಿ ಪೊಲೀಸರು ಎರಡು ದಿನ ಐದನೇ ಸ್ಟೇಷನ್ನಿನ ಸುತ್ತ ಹುಡುಕಿದರು. ದೋಣಿ ಮಾತ್ರ ಮರುದಿನ ದಕ್ಷಿಣಕ್ಕೆ, ಕೋಡಿ ಎಂಬ ಊರು ದಾಟಿ ದಡಕ್ಕೆ ಬಿದ್ದಿತ್ತು.

ಬಾಟಲಿ ಕಚೇರಿಯ ಬೀರುವಿನಲ್ಲಿದೆ. ಹೊರಗೆ ಕಳಿಸಲು ಅನುಮತಿ ಬೇಕು. ನೋಡುತ್ತೇನೆ. ಡಿಸೆಂಬರ್ ಕಳೆದರೆ ಸಮುದ್ರ ಶಾಂತವಾಗಿರುತ್ತದೆ, ಆಗ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ಸೌಜನ್ಯ


ಹೊಳೆನರಸೀಪುರ
26 ಅಕ್ಟೋಬರ್ 2024

ಚಿ. ಸೌಜನ್ಯ,

ಅನುಮತಿ ಯಾರದ್ದು? ಆ ಬೀರುವಿನ ಬೀಗದ ಕೈ ನಿನ್ನ ಬಳಿಯೇ ಇರುತ್ತದೆಂದು ಕೇದಾರ ಹೇಳುತ್ತಿದ್ದ. ಕಾಲೇಜಿನಲ್ಲೂ ನೀನು ಕಪ್ಪೆ ಕುಯ್ಯಬೇಕಾದ ದಿನವೆಲ್ಲ ತಲೆನೋವು ತಂದುಕೊಳ್ಳುತ್ತಿದ್ದೆ, ನನಗೆ ಮರೆತಿಲ್ಲ.

ನನ್ನ ಮನಸ್ಸಿಗೆ ನೋವಾದೀತು ಎಂದು ಹಿಂಜರಿಯುತ್ತಿದ್ದೀಯೆ. ಆ ಅನುಮಾನ ಬೇಡ. ನನ್ನ ಕೈಕೆಳಗೆ ಕಲಿತವರಲ್ಲಿ ಸಮುದ್ರದವರೆಗೆ ಹೋದವಳು ನೀನೊಬ್ಬಳೇ. ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದ ನನ್ನ ಮಗನನ್ನು ಕರೆದು ಕೆಲಸ ಕೊಟ್ಟವಳೂ ನೀನೇ. ಈ ಮನೆಯಲ್ಲಿ ನಿನ್ನನ್ನು ದೂರುವವರು ಯಾರೂ ಇಲ್ಲ. ಅರಕಲಗೂಡಿನಿಂದ ಮಗಳು ಶರ್ವಾಣಿ ಬಂದಾಗಲೂ ಅದನ್ನೇ ಹೇಳಿದಳು.

ಬಾಟಲಿ ಕಳಿಸು.

ಚಲುವನಾರಾಯಣ


ಕುಂದಾಪುರ
15 ನವೆಂಬರ್ 2024

ಪೂಜ್ಯ ಮೇಷ್ಟ್ರಿಗೆ,

ಬಸ್ಸಿನ ಪಾರ್ಸೆಲ್ಲಿನಲ್ಲಿ ಹಾಕಲು ಮನಸ್ಸು ಬರಲಿಲ್ಲ. ಬಾಗೂರಿನ ನಮ್ಮ ಕಾಂತರಾಜು ಮಾವ ಆಲೂಗಡ್ಡೆ ಲೋಡಿನ ಜೊತೆ ಈ ಕಡೆ ಬಂದಿದ್ದರು, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಜೀವಿಗಳು ಕೆಡದಿರಲೆಂದು ಒಳಗೆ ಫಾರ್ಮಲಿನ್ ಇದೆ, ಕಿಟಕಿ ತೆಗೆದಿಟ್ಟು ತೆರೆಯಿರಿ. ಬಾಟಲಿಯೊಳಗಿನ ಚೀಟಿಯಲ್ಲಿರುವ 'ಸ್ಟೇಷನ್ 5' ಎಂಬ ಬರಹ ನನ್ನದು, ಅವನದಲ್ಲ. ದೋಣಿ ಅಲ್ಲಾಡುವಾಗ ಬರೆಯಲಾಗುವುದಿಲ್ಲವೆಂದು ಎಲ್ಲ ಚೀಟಿಗಳನ್ನೂ ದಡದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವುದು ನಮ್ಮ ರೂಢಿ. ಅವನ ಅಕ್ಷರ ಹುಡುಕಿ ನಿಮಗೆ ನಿರಾಸೆಯಾಗಬಾರದೆಂದು ಮೊದಲೇ ಹೇಳಿದೆ.

ಯಾವ ಸ್ಟೇಷನ್ನಿನಲ್ಲಿ ಯಾವ ಜೀವಿ ಸಿಕ್ಕಿತೆಂಬ ಹಿಂದಿನ ಹನ್ನೊಂದು ತಿಂಗಳ ಪಟ್ಟಿಯನ್ನೂ ಇಟ್ಟಿದ್ದೇನೆ. ಆತುರವಿಲ್ಲ. ಎಣಿಸದೇ ಇಟ್ಟುಕೊಂಡರೂ ಪರವಾಗಿಲ್ಲ.

ಸೌಜನ್ಯ


ಹೊಳೆನರಸೀಪುರ
2 ಡಿಸೆಂಬರ್ 2024

ಚಿ. ಸೌಜನ್ಯ,

ಬಾಟಲಿ ಬಂದು ತಲುಪಿತು. ನಾಲ್ಕು ದಿನ ದೇವರಮನೆಯ ಪಕ್ಕದಲ್ಲೇ ಇತ್ತು. ಗೋದಮ್ಮ ಮುಚ್ಚಳ ಮುಟ್ಟಿ ನೋಡಿ, "ಎಷ್ಟು ಬಿಗಿಯಾಗಿ ತಿರುಗಿಸಿದಾನೆ ನೋಡಿ, ಉಪ್ಪಿನಕಾಯಿ ಜಾಡಿಗೂ ಹೀಗೇ ಮಾಡ್ತಿದ್ದ" ಎಂದು ಅತ್ತಳು. ಐದನೇ ದಿನ ತೆರೆದೆ.

ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ನೀರು ಚಹಾದ ಬಣ್ಣಕ್ಕಿದೆ. ಮೊದಲನೇ ಸ್ಲೈಡಿನಲ್ಲೇ ಪೀಡಿಯಾಸ್ಟ್ರಮ್ ಕಂಡಿತು, ಹಲ್ಲಿನ ಚಕ್ರದ ಹಾಗೆ ಇರುತ್ತದಲ್ಲ, ಅದು. ಹೇಮಾವತಿಯಿಂದ ಒಂದು ಚೊಂಬು ನೀರು ತಂದು ಪ್ರತಿ ವರ್ಷ ನಿಮಗೆಲ್ಲ ತೋರಿಸುತ್ತಿದ್ದ ಪಾಚಿ. ಆಮೇಲೆ ರೋಟಿಫರುಗಳು, ಅವೂ ಸಿಹಿನೀರಿನವು. ಕೊಳೆತ ಎಲೆಯ ಚೂರು. ಮೂವತ್ತು ಸ್ಲೈಡು ನೋಡಿದೆ. ಎಲ್ಲವೂ ಹೊಳೆಯವು, ಇಲ್ಲವೇ ಹೊಳೆ ಮತ್ತು ಸಮುದ್ರ ಕೂಡುವಲ್ಲಿ ಇರುವಂಥವು. ನಿನ್ನ ಪಟ್ಟಿಯ ಐದನೇ ಸಾಲಿನಲ್ಲಿ ಇರುವ ಒಂದು ಜೀವಿಯೂ ಸಿಗಲಿಲ್ಲ.

ಮಳೆಗಾಲದ ಪ್ರವಾಹ ಅಷ್ಟು ದೂರ ಸಿಹಿನೀರನ್ನು ಒಯ್ಯಬಲ್ಲದೇ? ನಾನು ಬಯಲುಸೀಮೆಯವನು, ಸಮುದ್ರ ಪುಸ್ತಕದಲ್ಲಿ ಓದಿದ್ದಷ್ಟೆ. ನೀನು ತಿಳಿದವಳು. ಒಯ್ಯುತ್ತದೆ ಎಂದು ಬರೆದರೆ ನನಗೆ ಸಮಾಧಾನವಾಗುತ್ತದೆ.

ಚಲುವನಾರಾಯಣ


ಕುಂದಾಪುರ
14 ಡಿಸೆಂಬರ್ 2024

ಪೂಜ್ಯ ಮೇಷ್ಟ್ರಿಗೆ,

ಒಯ್ಯುತ್ತದೆ. ಆ ವಾರ ಹೊಳೆಗಳೆಲ್ಲ ತುಂಬಿ ಹರಿದವು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಹಾಸಿಕೊಂಡು ಬಹಳ ದೂರ ಹೋಗುತ್ತದೆ. ಅದರೊಳಗಿನ ಜೀವಿಗಳು ತಾವಾಗಿ ಎಲ್ಲಿಗೂ ಹೋಗಲಾರವು, ನೀರು ಒಯ್ದಲ್ಲಿಗೆ ಹೋಗುತ್ತವೆ. ಅದರಲ್ಲಿ ಆಶ್ಚರ್ಯವಿಲ್ಲ. ಎಣಿಕೆಯನ್ನು ಹಾಗೆಯೇ ಕಳಿಸಿಕೊಡಿ, ವರದಿಯಲ್ಲಿ ಪ್ರವಾಹದ ಪರಿಣಾಮ ಎಂದು ಒಂದು ಸಾಲು ಬರೆಯುತ್ತೇನೆ.

ನೀವು ಕಣ್ಣಿಗೆ ಹೆಚ್ಚು ಶ್ರಮ ಕೊಡಬೇಡಿ.

ಸೌಜನ್ಯ


ಹೊಳೆನರಸೀಪುರ
30 ಡಿಸೆಂಬರ್ 2024

ಸೌಜನ್ಯ,

ನಿನ್ನ ಮಾತನ್ನು ಮೂರು ದಿನ ನಂಬಿದೆ. ನಂಬುವ ಆಸೆ ಇತ್ತು.

ನಾಲ್ಕನೇ ದಿನ ನಿನ್ನದೇ ಪಟ್ಟಿಯ ಹಿಂಬದಿ ಓದಿದೆ. ಬಲೆಯನ್ನು ಹತ್ತು ಮೀಟರ್ ಇಳಿಸಿ ಮೇಲಕ್ಕೆ ಎಳೆಯುತ್ತೀರಿ ಎಂದು ಅಲ್ಲಿದೆ. ಪ್ರವಾಹದ ನೀರು ಅಷ್ಟು ದೂರ ಹೋದರೂ ಮೇಲೊಂದು ತೆಳು ಪದರವಾಗಿ ಹೋಗುತ್ತದೆ, ಕೆಳಗೆ ಉಪ್ಪುನೀರು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೇಳುತ್ತದೆ, ಅದರ ಜೊತೆ ಗೊಬ್ಬರದಂಥ ಲವಣಗಳು ಬಂದು ಹೊರಗಿನ ಸ್ಟೇಷನ್ನಿನಲ್ಲಿ ಡಯಾಟಮ್ ಪಾಚಿಗಳು ಕಿಕ್ಕಿರಿಯುತ್ತವೆ ಎಂದು ನೀನೇ ಜುಲೈ ತಿಂಗಳಿಗೆ ಟಿಪ್ಪಣಿ ಹಾಕಿದ್ದೀಯೆ. ಹತ್ತು ಮೀಟರಿನಿಂದ ಎಳೆದ ಬಲೆಯಲ್ಲಿ ಅವು ಎಲ್ಲಿ? ಉಪ್ಪುನೀರಿನ ಬಾಣದ ಹುಳುಗಳು ಎಲ್ಲಿ? ಬಾಟಲಿ ಪೂರ್ತಿ ಎಣಿಸಿದೆ. ಒಂದೂ ಇಲ್ಲ. ಆ ನೀರು ಅಳಿವೆಯ ಬಾಯಿಯದು. ನನ್ನ ಮಗ ಐದನೇ ಸ್ಟೇಷನ್ನಿಗೆ ಹೋಗಲೇ ಇಲ್ಲ. ಹತ್ತಿರದ ನೀರು ತುಂಬಿ ದೂರದ ಹೆಸರು ಹಾಕಿದ.

ನಿನಗೂ ಇದು ಗೊತ್ತಾಗಿರಬೇಕು. ನನಗೆ ನೋವಾಗದಿರಲಿ ಎಂದು ಅವನ ತಪ್ಪನ್ನು ಮುಚ್ಚಲು ನೋಡಿದೆ. ನಿನ್ನ ಒಳ್ಳೆಯತನ ಅದು. ಆದರೆ ಮೇಷ್ಟ್ರ ಮಗನೆಂದು ಅವನಿಗೆ ರಿಯಾಯಿತಿ ಬೇಡ. ಪಿಯುಸಿಯಲ್ಲಿ ಕಾಣದ್ದನ್ನು ಬರೆಯುವುದಿಲ್ಲವೆಂದು ರೆಕಾರ್ಡ್ ಪುಸ್ತಕದ ಎರಡು ಪುಟ ಖಾಲಿ ಬಿಟ್ಟು ಅಂಕ ಕಳೆದುಕೊಂಡ ಹುಡುಗ. ಆಗ ಬೈದಿದ್ದೆ, ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಅವನೇ ಹೀಗೆ ಮಾಡಿದನಲ್ಲ. ಹೋದ ಮಗನ ಮೇಲೆ ಸಿಟ್ಟು ಬರುವುದು ಎಷ್ಟು ಕೆಟ್ಟದ್ದೆಂದು ಈ ವಾರ ಅರಿತೆ. ಅವನ ಫೋಟೋ ಎದುರು ಕೂತು ಊಟ ಮಾಡಲು ಆಗುತ್ತಿಲ್ಲ. ವರದಿಯಿಂದ ಅವನ ಹೆಸರು ತೆಗೆದುಬಿಡು.

ಗೋದಮ್ಮನಿಗೆ ಏನೂ ಹೇಳಿಲ್ಲ. ಜನವರಿ ಇಪ್ಪತ್ತೊಂಬತ್ತರ ಅಮಾವಾಸ್ಯೆ ನಿಶ್ಚಯಿಸಿದ್ದಾಳೆ. ಐದನೇ ಸ್ಟೇಷನ್ನಿಗೇ ಹೋಗೋಣ. ಅವನಿಲ್ಲದ ನೀರಿಗೆ ಎಳ್ಳು ಬಿಡುತ್ತೇನೆ. ಮಗ ಮೋಸ ಮಾಡುವಾಗ ಸತ್ತ ಎಂದು ತಾಯಿಗೆ ಹೇಳುವುದಕ್ಕಿಂತ ಅದೇ ವಾಸಿ.

ಚಲುವನಾರಾಯಣ


ಬಾಗೂರು
16 ಜನವರಿ 2025

ಮೇಷ್ಟ್ರೇ,

ಸಂಕ್ರಾಂತಿಗೆಂದು ಊರಿಗೆ ಬಂದಿದ್ದೇನೆ. ನಿಮ್ಮ ಕಾಗದ ಹದಿನೈದು ದಿನದಿಂದ ನನ್ನ ಚೀಲದಲ್ಲಿದೆ. ಇದನ್ನು ಪೂರ್ತಿ ಓದಿ. ಅರ್ಧಕ್ಕೆ ಹರಿಯಬೇಡಿ.

ಕೇದಾರ ಮೋಸ ಮಾಡಲಿಲ್ಲ. ಅವನಿಂದ ಮಾಡಿಸಿದವಳು ನಾನು.

ಆ ದಿನ ಬೆಳಿಗ್ಗೆ ಅವನು ನನಗೆ ಫೋನು ಮಾಡಿದ. "ಅಕ್ಕಾ, ಅಲೆ ಜಾಸ್ತಿ ಇದೆ. ನಾಗೇಶಣ್ಣ ಬರಲ್ಲ ಅಂತಿದಾರೆ. ಈ ತಿಂಗಳು ಐದನ್ನ ಬಿಟ್ಬಿಡೋಣ್ವಾ? ಖಾಲಿ ಅಂತ ಬರ್ಕೊಳೋಣ" ಎಂದ. ಒಂದು ತಿಂಗಳು ತಪ್ಪಿದರೆ ಸರಣಿ ಮುರಿಯುತ್ತದೆ, ನನ್ನ ಪ್ರಾಜೆಕ್ಟ್ ಮುಂದುವರಿಯುವುದಿಲ್ಲ, ಅದರ ಜೊತೆ ನನ್ನ ಕೆಲಸವೂ ಹೋಗುತ್ತದೆ ಎಂಬ ಯೋಚನೆಯೊಂದೇ ನನ್ನ ತಲೆಯಲ್ಲಿತ್ತು. "ಚಿಕ್ಕ ದೋಣಿ ತಗೊಂಡು ಅಳಿವೆ ಹತ್ರಾನೇ ಒಂದು ಬಲೆ ಎಳ್ಕೊಂಡು ಐದನೇ ಬಾಟ್ಲಿಗೆ ಹಾಕು. ಚೀಟಿ ಬರೆದಿಟ್ಟಿದೀನಲ್ಲ. ಯಾರು ನೋಡ್ತಾರೆ?" ಎಂದೆ. ಅವನು "ಸರಿ ಅಕ್ಕಾ" ಎಂದ. ಅಷ್ಟೇ. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಸಂಜೆ ಕರಾವಳಿ ಪೊಲೀಸರು ಎಲ್ಲಿ ಹುಡುಕಬೇಕು ಎಂದು ಕೇಳಿದರು. ನಾನು ಐದನೇ ಸ್ಟೇಷನ್ ಎಂದೆ. ಅಳಿವೆ ಎಂದರೆ ನನ್ನ ಸುಳ್ಳು ಹೊರಗೆ ಬೀಳುತ್ತಿತ್ತು. ಆ ಭಯ ನಿಜ. ಇನ್ನೊಂದೂ ನಿಜ. ಅವನು ನಿಮ್ಮ ಮಗ, ಖಾಲಿ ಪುಟ ಬಿಟ್ಟವನು, ನಾನು ಹೇಳಿದೆನೆಂದು ಸುಳ್ಳು ನೀರು ತುಂಬುವವನಲ್ಲ, ಹಟಕ್ಕೆ ಐದಕ್ಕೇ ಹೋಗಿರುತ್ತಾನೆ ಎಂದು ನಾನು ನಂಬಿದ್ದೆ. ಯಾವುದು ಮೊದಲು ಬಂತು, ಭಯವೋ ನಂಬಿಕೆಯೋ, ನನಗೇ ಗೊತ್ತಿಲ್ಲ. ಎಷ್ಟು ಸಲ ಕೇಳಿಕೊಂಡರೂ ಉತ್ತರ ಸಿಗುವುದಿಲ್ಲ. ಎರಡು ದಿನ ಅವರು ಹನ್ನೆರಡು ಕಿಲೋಮೀಟರ್ ಆಚೆ ಹುಡುಕಿದರು. ಅಳಿವೆಯ ಕಡೆ ಒಬ್ಬರೂ ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಕೈಗೆ ಬಂದಾಗ ಬಾಟಲಿಯನ್ನು ಬೆಳಕಿಗೆ ಹಿಡಿದೆ. ನೀರಿನ ಬಣ್ಣ ನೋಡಿದ ಕೂಡಲೇ ತಿಳಿಯಿತು. ಒಂದೇ ಒಂದು ಸಲ ಅವನು ತನ್ನ ಮನಸ್ಸಿಗೆ ವಿರುದ್ಧ ನಡೆದ, ಅದೂ ನನ್ನ ಮಾತು ಕೇಳಿ. ನಿಮಗೆ ಬಾಯಿಬಿಟ್ಟು ಹೇಳಲಾರದೆ ಬಾಟಲಿ ಕಳಿಸಿದೆ, ನೀವೇ ಕಂಡುಕೊಳ್ಳಲಿ ಎಂದು. ಕಂಡುಕೊಂಡಿರಿ. ಆಗ ಹೆದರಿ ಪ್ರವಾಹದ ಕಥೆ ಹೇಳಿದೆ. ಅವನಿಲ್ಲದ ಜಾಗಕ್ಕೆ ಗೋದಮ್ಮನವರನ್ನು ಕರೆದೊಯ್ದು ಕೈಮುಗಿದು ನಿಲ್ಲಲೂ ಸಿದ್ಧಳಾಗಿದ್ದೆ.

ಹಬ್ಬದ ದಿನ ಊಟ ಸೇರದೆ ಕೂತಿದ್ದೆ. ಅವ್ವ ಬಿಡದೆ ಕೇಳಿದಳು, ಹೇಳಿಬಿಟ್ಟೆ. ನಮ್ಮವ್ವ ದೊಡ್ಡತಾಯಮ್ಮ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಎಳ್ಳುಬೆಲ್ಲದ ತಟ್ಟೆ ಕೆಳಗಿಟ್ಟು, "ಅಂಗಂದ್ರೆ ಆ ತಾಯಿ ಮಗ ಇಲ್ದಿರೋ ನೀರಿಗೆ ಎಳ್ಳು ಬಿಡ್ಬೇಕಾ? ಅವನ ಮ್ಯಾಲೆ ಕಳ್ಳ ಅನ್ನೋ ಎಸರು ಬ್ಯಾರೆ ಒರಿಸಿದ್ದೀಯ. ಓಗಿ ಯೋಳು, ಆಗ್ದಿದ್ರೆ ಬರ್ದು ಆಕು. ಅಲ್ಲೀಗಂಟ ನನ್ನ ಕೈಲಿ ಅನ್ನ ಇಕ್ಕಿಸ್ಕಬ್ಯಾಡ ಕಣವ್ವ" ಎಂದಳು.

ಪೊಲೀಸರಿಗೂ ನಮ್ಮ ಕಚೇರಿಗೂ ಇದನ್ನೇ ಬರೆದು ನಿನ್ನೆ ಕಳಿಸಿದ್ದೇನೆ. ಕೆಲಸ ಹೋಗುತ್ತದೆ. ಹೋಗಲಿ. ಕ್ಷಮಿಸಿ ಎಂದು ಬರೆಯಲು ನನಗೆ ಮುಖವಿಲ್ಲ. ಅವನ ಫೋಟೋ ಎದುರು ಕೂತು ಊಟ ಮಾಡಿ, ಮೇಷ್ಟ್ರೇ. ಅವನು ನಿಮಗೆ ಅವಮಾನವಾಗುವಂಥದ್ದೇನೂ ಮಾಡಲಿಲ್ಲ.

ಸೌಜನ್ಯ


ಹೊಳೆನರಸೀಪುರ
4 ಫೆಬ್ರವರಿ 2025

ಸೌಜನ್ಯ,

ನಿನ್ನ ಕಾಗದದ ಮೊದಲ ಪುಟ ಓದಿ ಸಂತೋಷವಾಯಿತು. ಹೌದು, ಸಂತೋಷವೇ. ಖಾಲಿ ಅಂತ ಬರೆಯೋಣ ಎಂದು ಅವನು ಕೇಳಿದನಲ್ಲ, ಅಲ್ಲಿ ನನ್ನ ಮಗ ನನಗೆ ವಾಪಸು ಸಿಕ್ಕ. ಎದ್ದು ಹೋಗಿ ಫೋಟೋದ ಮುಂದೆ ತಪ್ಪಾಯಿತು ಎಂದೆ. ಆಮೇಲೆ ಎರಡನೇ ಪುಟ ಓದಿದೆ.

ಗೋದಮ್ಮನಿಗೆ ಎರಡೂ ಪುಟ ಓದಿ ಹೇಳಿದೆ. ಇನ್ನು ಮುಚ್ಚಿಡುವುದು ನನ್ನಿಂದಾಗದು. ಅವಳು ಅಳಲಿಲ್ಲ. "ಹಾಗಾದ್ರೆ ಆ ಹೊಳೆ ಬಾಯಿಗೆ ಹೋಗೋಣ" ಎಂದಳು.

ಅಮಾವಾಸ್ಯೆಗೆ ಕುಂದಾಪುರಕ್ಕೇ ಬಂದಿದ್ದೆವು. ಹಾಸನದಲ್ಲಿ ಬಸ್ಸು ಹತ್ತಿ ಹಿಂದಿನ ದಿನವೇ ಬಂದು ಛತ್ರದಲ್ಲಿ ಇಳಿದುಕೊಂಡೆವು. ನಿನಗೆ ತಿಳಿಸಲಿಲ್ಲ. ವಿಚಾರಿಸಿ ನಾಗೇಶನನ್ನು ಹುಡುಕಿದೆವು, ಯಾರೆಂದು ತಿಳಿದ ಮೇಲೆ ಅವನು ಬಾಡಿಗೆಯ ಮಾತನ್ನೇ ಎತ್ತಲಿಲ್ಲ. ಅಳಿವೆಯ ಬಾಯಲ್ಲಿ ದೋಣಿ ನಿಲ್ಲಿಸಿದ. ಅಂದು ನೀರು ತಿಳಿಯಾಗಿತ್ತು. ಪುರೋಹಿತರು ಮಂತ್ರ ಹೇಳಿದರು, ನಾನು ಎಳ್ಳುನೀರು ಬಿಟ್ಟೆ. ಗೋದಮ್ಮನಿಗೆ ವಾಂತಿಯೂ ಆಗಲಿಲ್ಲ. ದಡದಲ್ಲಿ ಅಲೆ ತಡೆಯಲು ಕಟ್ಟಿದ ಕಲ್ಲುಗೋಡೆಯ ಕಡೆಗೇ ನೋಡುತ್ತಿದ್ದವಳು ನಾಗೇಶನನ್ನು ಕೇಳಿದಳು: "ಇಲ್ಲಿಂದ ಕೂಗಿದ್ರೆ ಆ ಕಲ್ಲುಗೋಡೆ ಹತ್ರ ಇರೋರಿಗೆ ಕೇಳುತ್ತೇನಪ್ಪ?" ಅವನು ತಲೆ ತಗ್ಗಿಸಿದ. ಆಮೇಲೆ, ಗಾಳಿ ಇಲ್ಲದ ದಿನ ಕೇಳುತ್ತದಮ್ಮ ಎಂದ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನಾಲ್ಕು ದಿನ ಕೂತೆ. ನೀನು ನನ್ನ ವಿದ್ಯಾರ್ಥಿನಿ. ಯಾರೂ ನೋಡುವುದಿಲ್ಲ ಎಂದು ನೀನು ಹೇಳಿದ್ದನ್ನು ಓದಿದಾಗ ನನ್ನ ಪಾಠದಲ್ಲೇ ಎಲ್ಲೋ ತಪ್ಪಿದೆ ಅನ್ನಿಸಿತು. ಸುಳ್ಳನ್ನು ನೀನೇ ಹೊರಗೆ ಹಾಕಿದೆ, ಅದು ದೊಡ್ಡದು, ನಾನು ಒಪ್ಪುತ್ತೇನೆ. ಆದರೂ ಆ ಮಾತು ಬರೆಯಲಾಗಲಿಲ್ಲ. ಬರೆದರೆ ಅದೂ ಕಾಣದ್ದನ್ನು ಬರೆದಂತಾಗುತ್ತದೆ.

ಕೆಳಗೆ ಗೋದಮ್ಮ ತಾನೇ ಎರಡು ಸಾಲು ಬರೆಯುತ್ತಾಳಂತೆ.

ಚಲುವನಾರಾಯಣ


ಸೌಜನ್ಯ,

ಅವನು ಮೂರು ವರ್ಷದವನಿದ್ದಾಗಿನಿಂದ ಹೊಳೆಯಲ್ಲಿ ಈಜಿದವನು. ಅಷ್ಟು ಹತ್ತಿರದಲ್ಲಿ ಒಂದೇ ಸಲಕ್ಕೆ ಮುಳುಗಿರುವುದಿಲ್ಲ. ಯಾರಾದರೂ ಬರುತ್ತಾರೆ ಎಂದು ಕಾದಿರುತ್ತಾನೆ. ನೀನು ಕಳಿಸುತ್ತೀಯೆ ಎಂದು ಕಾದಿರುತ್ತಾನೆ. ನಿನ್ನನ್ನು ಅಕ್ಕ ಎನ್ನುತ್ತಿದ್ದ.

ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ. ಸಿಟ್ಟು ಇಳಿದ ದಿನ ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ಈ ಮನೆಗೆ ಕಾಗದ ಹಾಕಬೇಡ.

ಗೋದಮ್ಮ